ಹಚ್ಚೆಗೆ ವಕೀಲರು, ಜಡೆಗೆ ನ್ಯಾಯಾಧೀಶರು: ಕ್ಯಾಪರ್ನಿಕ್ ಮನೆಯ ಪ್ರಕರಣ

ಅಮೆರಿಕದ ಫುಟ್‌ಬಾಲ್ ಬಗ್ಗೆ ಏನೂ ತಿಳಿಯದವರಿಗೂ ಕಾಲಿನ್ ಕ್ಯಾಪರ್ನಿಕ್ ಅವರ ಒಂದು ಚಿತ್ರ ನೆನಪಿರುತ್ತದೆ. ರಾಷ್ಟ್ರಗೀತೆ ಮೊಳಗುತ್ತಿರುವಾಗ ಮೈದಾನದ ಅಂಚಿನಲ್ಲಿ ಮೊಣಕಾಲೂರಿದ ಆಟಗಾರನ ಚಿತ್ರ. ಕಪ್ಪುವರ್ಣೀಯರ ಮೇಲಿನ ಪೊಲೀಸ್ ಹಿಂಸೆ, ವರ್ಣಭೇದಗಳ ವಿರುದ್ಧ 2016ರ ಆ ಪ್ರತಿಭಟನೆ, ಆ ಋತುವಿನ ನಂತರ ಯಾವ ತಂಡವೂ ಅವರನ್ನು ಆಡಿಸದೇ ಹೋದದ್ದು, ಲೀಗ್ ವಿರುದ್ಧ ಅವರು ಹೂಡಿದ ದೂರು 2019ರ ಫೆಬ್ರವರಿಯಲ್ಲಿ ರಾಜಿಯಾಗಿ ಮುಗಿದದ್ದು, ಇವೆಲ್ಲ ಬೇಕಾದಷ್ಟು ಚರ್ಚೆಯಾಗಿವೆ. ನನ್ನ ಕುತೂಹಲ ಇರುವುದು ಅವರು ಬೆಳೆದ ಮನೆಯ ಮೇಲೆ. ತಂದೆ ಬಿಳಿಯ, ತಾಯಿ ಬಿಳಿಯಳು, ಅಣ್ಣ ಅಕ್ಕ ಬಿಳಿಯರು. ನಡುವೆ ಒಬ್ಬನೇ ಕಪ್ಪು ಹುಡುಗ. ಆ ಮನೆಯಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ ಎಂದು ಆ ಹುಡುಗನೇ ದೊಡ್ಡವನಾದ ಮೇಲೆ ಹೇಳಿದ್ದಾರೆ. ವರ್ಣಭೇದದ ಮಾತುಗಳು ಅಲ್ಲಿಯೂ ಇದ್ದವು ಎಂದು ಅದೇ ಉಸಿರಿನಲ್ಲಿ ಹೇಳಿದ್ದಾರೆ. ಎರಡೂ ನಿಜ ಎಂದು ಒಪ್ಪಿಕೊಂಡು ಓದಿದರೆ ಮಾತ್ರ ಈ ಪ್ರಕರಣದಿಂದ ಕಲಿಯುವುದು ಏನಾದರೂ ಇದೆ.

ಕುಟುಂಬದ ಹಿನ್ನೆಲೆ

ರಿಕ್ ಮತ್ತು ತೆರೇಸಾ ಕ್ಯಾಪರ್ನಿಕ್ ವಿಸ್ಕಾನ್ಸಿನ್ ರಾಜ್ಯದ ದಂಪತಿ. ಅವರಿಗೆ ಒಬ್ಬ ಮಗ, ಒಬ್ಬ ಮಗಳು ಇದ್ದರು. ಇನ್ನಿಬ್ಬರು ಗಂಡುಮಕ್ಕಳು ಹುಟ್ಟಿನಿಂದಲೇ ಬಂದ ಹೃದಯದ ತೊಂದರೆಯಿಂದ ತೀರಿಕೊಂಡಿದ್ದರು. ಆ ದುಃಖದ ನಂತರ ಅವರು ದತ್ತು ತೆಗೆದುಕೊಂಡ ಕೂಸೇ ಕಾಲಿನ್. 1987ರ ನವೆಂಬರ್ 3ರಂದು ಮಿಲ್ವಾಕಿಯಲ್ಲಿ ಹುಟ್ಟಿದ ಮಗು. ಹೆತ್ತವಳು ಹತ್ತೊಂಬತ್ತರ ಬಿಳಿಯ ಯುವತಿ. ಕಪ್ಪುವರ್ಣೀಯನಾದ ತಂದೆ ಹೆರಿಗೆಗೆ ಮೊದಲೇ ದೂರವಾಗಿದ್ದ. ತೀರಿಹೋದ ಮಕ್ಕಳ ನೆನಪು ಈ ಕುಟುಂಬದಲ್ಲಿ ಎಷ್ಟು ಜೀವಂತವಾಗಿತ್ತು ಎಂಬುದಕ್ಕೆ, ಕಾಲಿನ್ ಹೆಸರು ಮಾಡಿದ ಮೇಲೆ ಹೃದ್ರೋಗವಿರುವ ಮಕ್ಕಳಿಗಾಗಿ ನಡೆಯುವ ಕ್ಯಾಂಪ್ ಟೇಲರ್ ಎಂಬ ಶಿಬಿರದ ಬೆನ್ನಿಗೆ ನಿಂತದ್ದೇ ಸಾಕ್ಷಿ.

ಹುಡುಗನಿಗೆ ನಾಲ್ಕು ವರ್ಷವಾಗಿದ್ದಾಗ ಕುಟುಂಬ ಕ್ಯಾಲಿಫೋರ್ನಿಯಾಕ್ಕೆ ಬಂತು. ರಿಕ್ ಅವರಿಗೆ ಅಲ್ಲಿನ ಚೀಸ್ ಕಂಪನಿಯೊಂದರಲ್ಲಿ ಕೆಲಸ, ವಾಸ ಟರ್ಲಾಕ್ ಪಟ್ಟಣದಲ್ಲಿ. ಸುತ್ತ ಬಾದಾಮಿ ತೋಟಗಳು, ಹಾಲಿನ ಡೇರಿಗಳು. ಕ್ಯಾಲಿಫೋರ್ನಿಯಾ ಎಂದಾಕ್ಷಣ ನಮ್ಮ ಕಣ್ಣಿಗೆ ಬರುವ ಸಮುದ್ರ, ಸಿನಿಮಾ, ಸಾಫ್ಟ್‌ವೇರ್ ಯಾವುದೂ ಅಲ್ಲಿಲ್ಲ. ಕಪ್ಪುವರ್ಣೀಯರು ತೀರಾ ವಿರಳ. ಓದು, ಬೇಸ್‌ಬಾಲ್, ಬಾಸ್ಕೆಟ್‌ಬಾಲ್, ಫುಟ್‌ಬಾಲ್ ಎಲ್ಲದರಲ್ಲೂ ಮುಂದಿದ್ದ ಹುಡುಗನನ್ನು ತಂದೆತಾಯಿ ಪಂದ್ಯದಿಂದ ಪಂದ್ಯಕ್ಕೆ ಕಾರಿನಲ್ಲಿ ಕರೆದೊಯ್ದರು. ಮಧ್ಯಮವರ್ಗದ ಅಮೆರಿಕದ ಕುಟುಂಬವೊಂದು ಮಗನಿಗೆ ಏನೇನು ಮಾಡಬಹುದೋ ಅದನ್ನೆಲ್ಲ ಮಾಡಿದರು.

ಆದರೆ ಬೇಸಿಗೆಯ ಪ್ರವಾಸಗಳಲ್ಲಿ ಒಂದು ಘಟನೆ ಮತ್ತೆ ಮತ್ತೆ ನಡೆಯುತ್ತಿತ್ತು. ಇದನ್ನು ಕಾಲಿನ್ 2015ರ ಸಂದರ್ಶನವೊಂದರಲ್ಲಿ ಹೇಳಿದ್ದಾರೆ. ದಾರಿಬದಿಯ ಮೋಟೆಲ್‌ಗಳ ಮುಂಗೋಣೆಯಲ್ಲಿ ಕುಟುಂಬ ಸಾಲಾಗಿ ನಿಂತಿರುತ್ತಿತ್ತು. ಈ ಹುಡುಗ ಅವರಿಗೆ ಎಷ್ಟೇ ಒತ್ತಿಕೊಂಡು ನಿಂತಿರಲಿ, ವ್ಯವಸ್ಥಾಪಕ ಅಳುಕುತ್ತಾ ಬಂದು, ‘ನಿಮಗೇನಾದರೂ ಸಹಾಯ ಬೇಕಿತ್ತೇ?’ ಎಂದು ಇವನೊಬ್ಬನನ್ನೇ ಕೇಳುತ್ತಿದ್ದ. ಕೇಳುವ ಧಾಟಿಯಲ್ಲೇ ‘ಇಲ್ಲಿ ನಿನಗೇನು ಕೆಲಸ’ ಎಂಬುದು ಇರುತ್ತಿತ್ತು. ಹುಡುಗ ಎತ್ತರವಾದಂತೆಲ್ಲ ಇದು ಹೆಚ್ಚಾಯಿತು.

ಎತ್ತರವಾದಂತೆ ಹೆಚ್ಚಾದದ್ದು ಏಕೆ ಎಂಬುದನ್ನು ಸ್ವಲ್ಪ ನಿಂತು ನೋಡಬೇಕು. ಮನಶ್ಶಾಸ್ತ್ರಜ್ಞ ಫಿಲಿಪ್ ಅಟಿಬಾ ಗಾಫ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಂಭೀರ ಅಪರಾಧದ ಶಂಕಿತರು ಎಂದು ತೋರಿಸಿದ ಕಪ್ಪು ಹುಡುಗರ ವಯಸ್ಸನ್ನು ಜನ ಸರಾಸರಿ ನಾಲ್ಕೂವರೆ ವರ್ಷ ಹೆಚ್ಚಾಗಿ ಅಂದಾಜಿಸಿದ್ದರು. ಅಂದರೆ ಹದಿಮೂರರ ಹುಡುಗ ನೋಡುವವರ ಕಣ್ಣಿಗೆ ಹದಿನೇಳು ದಾಟಿದವನು. ಬಿಳಿಯ ದಂಪತಿಯ ತೋಳಿನಲ್ಲಿರುವ ಕಪ್ಪು ಕೂಸನ್ನು ಕಂಡು ಮುದ್ದು ಮಾಡುವ ಅದೇ ಜಗತ್ತು ಹತ್ತು ಹನ್ನೆರಡು ವರ್ಷಗಳಲ್ಲಿ ಆ ಮಗುವನ್ನು ಕಂಡು ಕೈಚೀಲ ಬಿಗಿ ಹಿಡಿಯುತ್ತದೆ. ಮಗು ಚಿಕ್ಕದಿದ್ದಾಗ ‘ನಮ್ಮೂರಿನವರು ಹಾಗಲ್ಲ’ ಎಂದು ನಂಬಿದ್ದ ಪೋಷಕರಿಗೆ ಈ ತಿರುವು ಅರಿವಾಗುವುದೇ ತಡವಾಗಿ. ಅಷ್ಟರಲ್ಲಿ ಮಗು ಒಂಟಿಯಾಗಿ ಬಹಳ ದೂರ ನಡೆದಿರುತ್ತದೆ.

(ಹಳಿಯಾಳ, ಯಲ್ಲಾಪುರದ ಸಿದ್ದಿಗಳನ್ನು ಅವರದೇ ರಾಜ್ಯದ ಬೆಂಗಳೂರಿನಲ್ಲಿ ‘ಯಾವ ದೇಶದವರು?’ ಎಂದು ಇಂಗ್ಲಿಷಿನಲ್ಲಿ ಕೇಳುವ ನಮಗೆ ಆ ಮೋಟೆಲ್ ವ್ಯವಸ್ಥಾಪಕನ ಪರಿಚಯ ಹೊಸದಾಗಿ ಮಾಡಿಕೊಡಬೇಕಿಲ್ಲ.)

ಈ ಮನೆಗಿಂತ ಹಳೆಯ ವಾದ

ಬಿಳಿಯರ ಮನೆಯಲ್ಲಿ ಕಪ್ಪು ಮಗು ಬೆಳೆಯಬಹುದೇ ಎಂಬ ಜಗಳ ಕಾಲಿನ್ ಹುಟ್ಟುವುದಕ್ಕೆ ಎಷ್ಟೋ ಮೊದಲಿನದು. ನಾಗರಿಕ ಹಕ್ಕುಗಳ ಚಳವಳಿಯ ಅಲೆಯಲ್ಲಿ ಇಂಥ ದತ್ತುಗಳು ಏರಿ, 1971ರ ಒಂದೇ ವರ್ಷದಲ್ಲಿ ಎರಡೂವರೆ ಸಾವಿರದ ಆಸುಪಾಸಿಗೆ ಮುಟ್ಟಿದ್ದವು. 1972ರಲ್ಲಿ ಕಪ್ಪುವರ್ಣೀಯ ಸಮಾಜ ಕಾರ್ಯಕರ್ತರ ರಾಷ್ಟ್ರೀಯ ಸಂಘ ಇದನ್ನು ಖಂಡತುಂಡವಾಗಿ ವಿರೋಧಿಸಿತು. ಕಪ್ಪು ಮಗು ಕಪ್ಪು ಕುಟುಂಬದಲ್ಲೇ ಬೆಳೆಯಬೇಕು, ವರ್ಣಭೇದವನ್ನು ಎದುರಿಸುವ ಬಗೆಯನ್ನು ಅದನ್ನು ಉಂಡವರೇ ಕಲಿಸಬಲ್ಲರು ಎಂಬುದು ಅವರ ನಿಲುವು. ಸಂಖ್ಯೆ ಬೇಗನೆ ಕುಸಿಯಿತು.

ಎದುರು ವಾದವೂ ಬಲವಾಗಿತ್ತು. ಅನಾಥಾಲಯ, ಸರ್ಕಾರಿ ಪೋಷಣೆಗಳಲ್ಲಿ ಕಪ್ಪು ಮಕ್ಕಳು ವರ್ಷಗಟ್ಟಲೆ ಕಾಯುತ್ತಿರುವಾಗ ಚರ್ಮದ ಬಣ್ಣ ನೋಡಿ ಮನೆ ಕೊಡುವುದು ಯಾವ ನ್ಯಾಯ? ಸಂಶೋಧಕರಾದ ರೀಟಾ ಸೈಮನ್ ಮತ್ತು ಹೋವರ್ಡ್ ಆಲ್ಟ್‌ಸ್ಟೈನ್ 1970ರ ದಶಕದ ಆರಂಭದಿಂದ ಇಂಥ ಕುಟುಂಬಗಳನ್ನು ದೀರ್ಘಕಾಲ ಹಿಂಬಾಲಿಸಿ, ಮಕ್ಕಳು ಒಟ್ಟಾರೆ ಚೆನ್ನಾಗಿಯೇ ಬೆಳೆದಿದ್ದಾರೆ, ಅವರ ಆತ್ಮಗೌರವಕ್ಕೆ ಕುಂದಾಗಿಲ್ಲ ಎಂದು ಕಂಡುಕೊಂಡರು. 1994ರಲ್ಲಿ ಸಂಸತ್ತು ಬಹುಜನಾಂಗೀಯ ನಿಯೋಜನಾ ಕಾಯ್ದೆ ತಂದಿತು. 1996ರ ತಿದ್ದುಪಡಿ ಅದನ್ನು ಇನ್ನಷ್ಟು ಬಿಗಿಗೊಳಿಸಿತು. ಕೇಂದ್ರದ ಹಣ ಪಡೆಯುವ ಸಂಸ್ಥೆಗಳು ಜನಾಂಗದ ಕಾರಣಕ್ಕೆ ದತ್ತನ್ನು ತಡೆಯುವಂತಿಲ್ಲ, ತಡಮಾಡುವಂತೆಯೂ ಇಲ್ಲ.

ಇದರ ಒಂದು ಅಡ್ಡಪರಿಣಾಮ ವಿಚಿತ್ರವಾದದ್ದು. ಜನಾಂಗದ ಮಾತೆತ್ತಿದರೆ ಕಾಯ್ದೆ ಮುರಿದಂತಾದೀತು ಎಂಬ ಅಂಜಿಕೆಯಿಂದ ಎಷ್ಟೋ ಸಂಸ್ಥೆಗಳು ಬಿಳಿಯ ಪೋಷಕರಿಗೆ ಕೊಡಬೇಕಾದ ತಯಾರಿಯನ್ನೇ ಕೈಬಿಟ್ಟವು. 2008ರಲ್ಲಿ ಇವಾನ್ ಡೊನಾಲ್ಡ್‌ಸನ್ ದತ್ತು ಸಂಸ್ಥೆಯ ವರದಿ ಇದನ್ನು ಎತ್ತಿ ಹೇಳಿ, ಕಾಯ್ದೆ ಬದಲಿಸಬೇಕೆಂದು ಕೇಳಿತು. ಹೊರದೇಶದಿಂದ ಮಗು ತರುವವರಿಗೆ ಹೇಗ್ ಒಪ್ಪಂದದ ನಿಯಮಗಳ ಪ್ರಕಾರ ಕನಿಷ್ಠ 10 ಗಂಟೆಗಳ ತರಬೇತಿ ಕಡ್ಡಾಯ. ಅದೇ ಊರಿನ ಇನ್ನೊಂದು ಬೀದಿಯಿಂದ ಕಪ್ಪು ಮಗುವನ್ನು ಕರೆದುಕೊಂಡು ಬರುವವರ ಬಳಿ ಅದರ ಬಣ್ಣದ ಬಗ್ಗೆ ಮಾತನಾಡಲು ಅಧಿಕಾರಿಗಳಿಗೇ ಭಯ. ನನಗೆ ಇಡೀ ಚರಿತ್ರೆಯಲ್ಲಿ ಅತಿ ದೊಡ್ಡ ಮೂರ್ಖತನವಾಗಿ ಕಾಣುವುದು ಇದು. ‘ಪ್ರೀತಿ ಸಾಕು’ ಎಂದವರೂ ‘ಪ್ರೀತಿ ಸಾಲದು’ ಎಂದವರೂ ನ್ಯಾಯಾಲಯ, ಸಂಸತ್ತು ಹತ್ತಿ ಗುದ್ದಾಡಿದರು. ಮಗುವಿನ ತಲೆಗೂದಲನ್ನು ಹೇಗೆ ಬಾಚಬೇಕು ಎಂದು ಹೇಳಿಕೊಡುವವರು ಯಾರೂ ಇಲ್ಲವಾದರು.

ಜಡೆ

ತಲೆಗೂದಲಿನ ವಿಷಯ ಸುಮ್ಮನೆ ಎತ್ತಿದ್ದಲ್ಲ. ಕ್ಯಾಪರ್ನಿಕ್ ಮನೆಯಲ್ಲಿ ಜಗಳ ಹುಟ್ಟಿದ್ದು ಅಲ್ಲಿಯೇ.

ಹದಿಹರೆಯದ ಕಾಲಿನ್‌ಗೆ ಬಾಸ್ಕೆಟ್‌ಬಾಲ್ ತಾರೆ ಆಲನ್ ಐವರ್ಸನ್ ಎಂದರೆ ಪ್ರಾಣ. ಐವರ್ಸನ್ ಅವರ ಗುರುತೇ ಕಾರ್ನ್‌ರೋ, ನೆತ್ತಿಗೆ ಅಂಟಿದಂತೆ ಸಾಲುಸಾಲಾಗಿ ಬಿಗಿಯಾಗಿ ಹೆಣೆದ ಜಡೆಗಳು. ಹುಡುಗನಿಗೂ ಅದೇ ಬೇಕೆನಿಸಿತು. ಸುತ್ತ ಕಣ್ಣಾಡಿಸಿದರೆ ತನ್ನ ಹಾಗೆ ಕಾಣುವ ಒಬ್ಬನೂ ಇಲ್ಲದ ಊರಿನಲ್ಲಿ, ಟಿವಿಯಲ್ಲಿ ಮಾತ್ರ ಸಿಗುವ ಅಂಥ ಒಬ್ಬ ದೊಡ್ಡವನ ಹಾಗೆ ಕಾಣುವ ಆಸೆ. ಜಡೆ ಹಾಕಿಸಿಕೊಂಡ. ಆಗ ತಾಯಿ ಹೇಳಿದ ಮಾತನ್ನು ಕಾಲಿನ್ 2023ರ ಮಾರ್ಚ್‌ನಲ್ಲಿ ಸಿಬಿಎಸ್ ವಾಹಿನಿಯ ಸಂದರ್ಶನದಲ್ಲಿ ನೆನಪಿಸಿಕೊಂಡರು: ಈ ಕೂದಲು ಶಿಸ್ತಿನ ಉದ್ಯೋಗಸ್ಥರಿಗೆ ಒಪ್ಪುವಂಥದ್ದಲ್ಲ, ನೀನು ಸಣ್ಣ ರೌಡಿಯ ಹಾಗೆ ಕಾಣುತ್ತೀಯ.

ಆ ಮಾತು ತೆರೇಸಾ ಅವರ ಸ್ವಂತ ಸೃಷ್ಟಿಯಲ್ಲ. 2005ರಲ್ಲಿ ರಾಷ್ಟ್ರೀಯ ಬಾಸ್ಕೆಟ್‌ಬಾಲ್ ಲೀಗ್ ಆಟಗಾರರಿಗೆ ವಸ್ತ್ರಸಂಹಿತೆ ತಂದಾಗ ಅದು ಐವರ್ಸನ್‌ರಂಥವರನ್ನು ಗುರಿಯಾಗಿಸಿದೆ ಎಂದು ಜನ ಬಹಿರಂಗವಾಗಿಯೇ ಆಡಿಕೊಂಡರು. 2018ರ ಡಿಸೆಂಬರ್‌ನಲ್ಲಿ ನ್ಯೂಜೆರ್ಸಿಯಲ್ಲಿ ಕುಸ್ತಿ ಪಂದ್ಯಕ್ಕೆ ಮುನ್ನ ರೆಫರಿಯ ಷರತ್ತಿಗೆ ಮಣಿದು ಶಾಲಾ ಹುಡುಗನೊಬ್ಬನ ಜಡೆಗಳನ್ನು ಎಲ್ಲರ ಎದುರೇ ಕತ್ತರಿಸಲಾಯಿತು. ಕೂದಲಿನ ಬಗೆಯ ಕಾರಣಕ್ಕೆ ಶಾಲೆಯಲ್ಲಿ, ಉದ್ಯೋಗದಲ್ಲಿ ತಾರತಮ್ಯ ಮಾಡಬಾರದು ಎಂದು ಕ್ಯಾಲಿಫೋರ್ನಿಯಾ 2019ರ ಜುಲೈನಲ್ಲಿ ಕ್ರೌನ್ ಕಾಯ್ದೆ ಮಾಡಿತು. ಅಮೆರಿಕದ ರಾಜ್ಯಗಳಲ್ಲಿ ಅದೇ ಮೊದಲನೆಯದು. ಕಾಲಿನ್ ಬೆಳೆದದ್ದೂ ಅದೇ ರಾಜ್ಯದಲ್ಲಿ, ಕಾಯ್ದೆ ಬಂದದ್ದು ಮಾತ್ರ ಅವರು ಮೂವತ್ತು ದಾಟಿದ ಮೇಲೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಬರಬೇಕು ಕೂಡ. ಕಪ್ಪು ತಾಯಂದಿರೂ ಮಕ್ಕಳ ಜಡೆ ಬಿಚ್ಚಿಸುತ್ತಾರೆ. ಸಂದರ್ಶನಕ್ಕೆ ಹೋಗುವ ಮುನ್ನ ಕೂದಲು ಕತ್ತರಿಸು, ಟೋಪಿ ತೆಗೆ, ಪೊಲೀಸರು ಕಾರು ನಿಲ್ಲಿಸಿದರೆ ಎರಡೂ ಕೈಗಳನ್ನು ಸ್ಟೀರಿಂಗ್ ಮೇಲಿಡು ಎಂದು ಅವರೂ ಹೇಳುತ್ತಾರೆ. ಹಾಗಾದರೆ ತೆರೇಸಾ ಅವರ ಮಾತು ಯಾವ ಲೆಕ್ಕದಲ್ಲಿ ಬೇರೆ? ವ್ಯತ್ಯಾಸ ಇರುವುದು ದೂರು ಯಾರ ಮೇಲೆ ಎಂಬುದರಲ್ಲಿ. ಕಪ್ಪು ತಾಯಿ ‘ಅವರು ನಿನ್ನನ್ನು ರೌಡಿ ಎಂದುಕೊಳ್ಳುತ್ತಾರೆ, ಅವರ ಕಣ್ಣು ಸರಿಯಿಲ್ಲ, ಆದರೂ ನೀನು ಜೀವಂತ ಮನೆಗೆ ಬರಬೇಕು’ ಎನ್ನುತ್ತಾಳೆ. ಆಕೆ ಮಗನ ಪಕ್ಕದಲ್ಲಿ ನಿಂತು ಹೊರಗೆ ನೋಡುತ್ತಿರುತ್ತಾಳೆ. ‘ನೀನು ರೌಡಿಯ ಹಾಗೆ ಕಾಣುತ್ತೀಯ’ ಎನ್ನುವವಳು ಹೊರಗಿನವರ ಸಾಲಿನಲ್ಲಿ ನಿಂತು ಮಗನನ್ನು ನೋಡುತ್ತಿರುತ್ತಾಳೆ. ಕಾಳಜಿ ಎರಡರಲ್ಲೂ ಒಂದೇ ಇದ್ದೀತು. ಆ ಕ್ಷಣದಲ್ಲಿ ಹುಡುಗನಿಗೆ ಮೋಟೆಲ್ ವ್ಯವಸ್ಥಾಪಕನೂ ಅಮ್ಮನೂ ಒಂದೇ ಕಡೆಯಿಂದ ನೋಡುತ್ತಿದ್ದಾರೆ ಎನಿಸಿದರೆ ತಪ್ಪು ಹುಡುಗನದಲ್ಲ.

ಹಚ್ಚೆ

ಈಗ ಪ್ರಕರಣದ ಇನ್ನೊಂದು ಮುಖ. ಇದಿಲ್ಲದೆ ಮೇಲಿನದನ್ನು ಓದಿದರೆ ಆ ದಂಪತಿಗೆ ಅನ್ಯಾಯವಾಗುತ್ತದೆ.

2012ರ ನವೆಂಬರ್‌ನಲ್ಲಿ ಕಾಲಿನ್ ಸ್ಯಾನ್ ಫ್ರಾನ್ಸಿಸ್ಕೊ 49ರ್ಸ್ ತಂಡದ ಕ್ವಾರ್ಟರ್‌ಬ್ಯಾಕ್ (ತಂಡದ ದಾಳಿಯನ್ನು ಮುನ್ನಡೆಸುವ ಆಟಗಾರ) ಆಗಿ ಮಿಂಚತೊಡಗಿದ್ದರು. ಅದೇ ಋತುವಿನಲ್ಲಿ ತಂಡ ಸೂಪರ್ ಬೌಲ್ ಫೈನಲ್ ತಲುಪಿ, 34–31ರಿಂದ ಸೋತಿತು. ಆ ನವೆಂಬರ್‌ನಲ್ಲೇ ಒಬ್ಬ ಅಂಕಣಕಾರ ಅವರ ತೋಳಿನ ತುಂಬ ಇರುವ ಹಚ್ಚೆಗಳನ್ನು ಜೈಲಿನಿಂದ ಬಂದವರ ಹಚ್ಚೆಗಳಿಗೆ ಹೋಲಿಸಿ, ತಂಡದ ನಾಯಕನ ಸ್ಥಾನಕ್ಕೆ ಇದು ಶೋಭೆಯೇ ಎಂದು ಬರೆದ. ಆ ಹಚ್ಚೆಗಳಲ್ಲಿ ಹೆಚ್ಚಿನವು ಬೈಬಲ್ ವಚನಗಳು, ಅದು ಬೇರೆ ಮಾತು. ರಿಕ್ ಮತ್ತು ತೆರೇಸಾ ಸುಮ್ಮನಿರಲಿಲ್ಲ. ಪತ್ರಿಕೆಗಳ ಮುಂದೆ ನೇರವಾಗಿಯೇ ಮಾತನಾಡಿದರು. ಹಚ್ಚೆ ನೋಡಿ ನಮ್ಮ ಮಗನನ್ನು ಅಳೆಯುವುದೇ, ಬರೆದವನಿಗೆ ಲೋಕಜ್ಞಾನವಿಲ್ಲ ಎಂದರು.

2016ರ ಆಗಸ್ಟ್‌ನಲ್ಲಿ ಕಾಲಿನ್ ರಾಷ್ಟ್ರಗೀತೆಗೆ ಎದ್ದು ನಿಲ್ಲದೆ ಕುಳಿತಾಗ, ಸೆಪ್ಟೆಂಬರ್ 1ರಿಂದ ಮೊಣಕಾಲೂರತೊಡಗಿದಾಗ, ಪರೀಕ್ಷೆ ಇನ್ನೂ ಕಠಿಣವಾಯಿತು. ಆ ಬೇಸಿಗೆಯಲ್ಲಿ ಬ್ಯಾಟನ್ ರೂಜ್‌ನಲ್ಲಿ ಆಲ್ಟನ್ ಸ್ಟರ್ಲಿಂಗ್, ಮರುದಿನವೇ ಮಿನೆಸೋಟದಲ್ಲಿ ಫಿಲಾಂಡೊ ಕ್ಯಾಸ್ಟೀಲ್ ಎಂಬ ಇಬ್ಬರು ಕಪ್ಪುವರ್ಣೀಯರು ಪೊಲೀಸರ ಗುಂಡಿಗೆ ಸತ್ತಿದ್ದರು. ಹೆತ್ತ ತಾಯಿಯೇ ಟ್ವಿಟರ್‌ನಲ್ಲಿ, ದೇಶಕ್ಕೂ ಕುಟುಂಬಕ್ಕೂ ಅವಮಾನ ಮಾಡದೆ ಬದಲಾವಣೆ ತರುವ ದಾರಿಗಳಿವೆ ಎಂದು ಮಗನನ್ನು ಆಕ್ಷೇಪಿಸಿದರು. ಸಾಕಿದ ತಂದೆತಾಯಿ ಕೆಲವು ತಿಂಗಳ ನಂತರ ತಮ್ಮ ಊರುಕಡೆಯ ಪತ್ರಿಕೆಗೆ ಹೇಳಿಕೆ ಕೊಟ್ಟು, ಮಗನ ಬಗ್ಗೆ ಹೆಮ್ಮೆಯಿದೆ, ಇತರರ ಹಕ್ಕಿಗಾಗಿ ನಿಂತ ಅವನ ಧೈರ್ಯವನ್ನು ಮೆಚ್ಚುತ್ತೇವೆ ಎಂದರು. 2017ರ ಸೆಪ್ಟೆಂಬರ್‌ನಲ್ಲಿ ಅಲಬಾಮದ ಸಭೆಯೊಂದರಲ್ಲಿ ಅಧ್ಯಕ್ಷ ಡೊನಾಲ್ಡ್ ಟ್ರಂಪ್, ಧ್ವಜಕ್ಕೆ ಅಗೌರವ ತೋರುವ ಆಟಗಾರರನ್ನು ತಾಯಿಯನ್ನು ಎಳೆದು ತರುವ ಬೈಗುಳದಿಂದ ಕರೆದು, ಮೈದಾನದಿಂದ ಹೊರಗಟ್ಟಬೇಕು ಎಂದರು. ತೆರೇಸಾ ಒಂದೇ ಸಾಲಿನ ಉತ್ತರ ಬರೆದರು. ಹಾಗಾದರೆ ನಾನು ಹೆಮ್ಮೆಯ ಹೆಣ್ಣುನಾಯಿ ಎಂದಾಯಿತು! ದೇಶದ ಅಧ್ಯಕ್ಷರಿಗೆ ಒಬ್ಬ ಮಧ್ಯಮವರ್ಗದ ಬಿಳಿಯ ತಾಯಿ ಕೊಟ್ಟ ಈ ಉತ್ತರದಲ್ಲಿ ಅಂಜಿಕೆಯ ಸುಳಿವೇ ಇಲ್ಲ.

ಪಕ್ಕಪಕ್ಕ ಇಟ್ಟು ನೋಡಿದಾಗ ಪ್ರಕರಣದ ಗಂಟು ಕಾಣುತ್ತದೆ. ಅಂಕಣಕಾರ ಹಚ್ಚೆ ನೋಡಿ ಅಪರಾಧಿಯ ಹಾಗಿದ್ದಾನೆ ಎಂದ. ತಾಯಿ ಜಡೆ ನೋಡಿ ರೌಡಿಯ ಹಾಗಿದ್ದೀಯ ಎಂದಿದ್ದಳು. ಇವನ ಮೈಮೇಲಿನ ಗುರುತು ನಾಯಕನಿಗೆ ಒಪ್ಪದು ಎಂದ ಅವನು, ಉದ್ಯೋಗಕ್ಕೆ ಒಪ್ಪದು ಎಂದಿದ್ದಳು ಇವಳು. ಆರೋಪ ಅಕ್ಷರಶಃ ಒಂದೇ. ಪತ್ರಿಕೆಯಲ್ಲಿ ಬಂದಾಗ ಅದರ ಕೆಡುಕು ಆ ದಂಪತಿಗೆ ತಕ್ಷಣ ತಿಳಿಯಿತು. ಊಟದ ಮನೆಯಲ್ಲಿ ತಮ್ಮದೇ ದನಿಯಲ್ಲಿ ಬಂದಾಗ ಅದು ಬುದ್ಧಿಮಾತಿನ ವೇಷದಲ್ಲಿತ್ತು. ಬಿಳಿಯ ಪೋಷಕರಲ್ಲಿ ಬಹುಪಾಲು ಜನ ಎಡವುವುದು ಇಲ್ಲೇ ಎಂದು ನನ್ನ ಎಣಿಕೆ. ಹೊರಗಿನ ದ್ವೇಷಕ್ಕೆ ಎದೆಯೊಡ್ಡುವುದರಲ್ಲಿ ಅವರು ಹಿಂದೆ ಬೀಳುವುದಿಲ್ಲ. ಆದರೆ ತಾವು ಹುಟ್ಟಿ ಬೆಳೆದ ಸಮಾಜದ ಅಳತೆಗೋಲು ತಮ್ಮ ಕೈಯಲ್ಲೂ ಇದೆ ಎಂಬುದು ಅವರಿಗೆ ಕಾಣುವುದೇ ಇಲ್ಲ.

ಋಣದ ಲೆಕ್ಕ

2021ರ ಅಕ್ಟೋಬರ್‌ನಲ್ಲಿ ಕಾಲಿನ್ ತಮ್ಮ ಹದಿಹರೆಯವನ್ನೇ ಕಥೆಯಾಗಿಸಿದ ಕಿರುಸರಣಿ ನೆಟ್‌ಫ್ಲಿಕ್ಸ್‌ನಲ್ಲಿ ಬಂತು. ಮನೆಯೊಳಗಿನ ಈ ಕಿರಿಕಿರಿಗಳು ಅದರಲ್ಲಿ ಇದ್ದವು. 2023ರ ಸಂದರ್ಶನ ಅದನ್ನು ಇನ್ನೂ ಬಿಚ್ಚಿ ಹೇಳಿತು. ತಂದೆತಾಯಿ ನನ್ನನ್ನು ಪ್ರೀತಿಸಿದರು ಎಂಬುದು ಗೊತ್ತಿದೆ, ಆದರೂ ನಾನು ಹಾದುಬಂದ ಕೆಲವು ಸಂಗತಿಗಳು ಸರಿಯಿರಲಿಲ್ಲ, ಇಂಥದ್ದು ಸ್ವಂತ ಮನೆಯಲ್ಲೂ ನಡೆಯಬಹುದೆಂದು ತೋರಿಸಬೇಕಿತ್ತು ಎಂಬ ಅರ್ಥದ ಮಾತುಗಳನ್ನು ಅವರಾಡಿದರು. ಜಡೆಯ ಆ ಪ್ರಸಂಗವೇ ತಾವು ಈಗಲೂ ಉದ್ದ ಕೂದಲು ಬಿಟ್ಟಿರುವುದಕ್ಕೆ ಒಂದು ಕಾರಣ ಎಂದೂ ಹೇಳಿದರು.

ತಕ್ಷಣ ಬಂದ ಪ್ರತಿಕ್ರಿಯೆ ಊಹಿಸಬಹುದಾದದ್ದೇ. ಕೃತಘ್ನ. ಎತ್ತಿ ಸಾಕಿದವರನ್ನು ಲೋಕದ ಮುಂದೆ ಹೀಗೆ ನಿಲ್ಲಿಸುವುದೇ? ಕನ್ನಡದ ಓದುಗರಲ್ಲೂ ಅನೇಕರಿಗೆ ಮೊದಲು ಹೀಗೆಯೇ ಅನಿಸೀತು. ರಾಧೆಯ ಮಡಿಲಲ್ಲಿ ಬೆಳೆದ ಕರ್ಣನ ಕಥೆ ಕೇಳಿದವರಿಗೆ ಸಾಕಿದ ಋಣ ಹೆತ್ತ ಋಣಕ್ಕಿಂತ ದೊಡ್ಡದು. ಆದರೆ ಹೆತ್ತವರ ಬಳಿ ಬೆಳೆದ ಯಾವ ಮಗ ತನ್ನ ಅಪ್ಪ ಅಮ್ಮನ ತಪ್ಪು ಹೇಳಿದರೂ ‘ನಿನ್ನನ್ನು ಸಾಕಿದರಲ್ಲ’ ಎಂದು ಯಾರೂ ಬಾಯಿ ಮುಚ್ಚಿಸುವುದಿಲ್ಲ. ಹೆಚ್ಚೆಂದರೆ ಮನೆಯ ಮಾತು ಬೀದಿಗೆ ತರಬೇಡ ಎನ್ನುತ್ತಾರೆ. ದತ್ತುಮಗನಿಗೆ ಮಾತ್ರ ಪ್ರತಿ ಮಾತಿಗೂ ಅನ್ನದ ಲೆಕ್ಕ ಒಪ್ಪಿಸಬೇಕಾಗುತ್ತದೆ. ಅವನು ಕಪ್ಪು, ಸಾಕಿದವರು ಬಿಳಿಯರು ಎಂದಾಗ ಆ ಲೆಕ್ಕದೊಳಗೆ ‘ಉದ್ಧಾರ ಮಾಡಿದರು’ ಎಂಬ ಇನ್ನೊಂದು ಕಲಮು ಸೇರಿಕೊಳ್ಳುತ್ತದೆ.

ಟೀಕಿಸಿದವರ ಪರವಾಗಿ ಒಂದು ಮಾತು ಹೇಳಬಹುದು. ಹಿರಿಯ ದಂಪತಿಗೆ ಆ ಸಂದರ್ಶನ ನೋವು ತಂದಿದ್ದರೆ ಆಶ್ಚರ್ಯವಿಲ್ಲ. ಅಧ್ಯಕ್ಷರ ಎದುರು ಮಗನಿಗಾಗಿ ನಿಂತವಳು ಎಂಬುದನ್ನು ಬಿಟ್ಟು, ಜಡೆಯ ಬಗ್ಗೆ ಮಾತನಾಡಿದವಳು ಎಂದು ಮಾತ್ರ ತೆರೇಸಾ ನೆನಪಿನಲ್ಲಿ ಉಳಿದರೆ ಅದು ಅರ್ಧ ಸತ್ಯ. ಆ ಅರ್ಧವನ್ನೇ ಹಿಗ್ಗಿಸಿದ್ದರಲ್ಲಿ ಮಾಧ್ಯಮಗಳ ಪಾಲು ಮಗನ ಪಾಲಿಗಿಂತ ಹೆಚ್ಚು.

ಬೇರೆ ಏನು ಆಗಬಹುದಿತ್ತು

ಟರ್ಲಾಕ್‌ನಲ್ಲಿ ಸಿಗದದ್ದನ್ನು ಕಾಲಿನ್ ಹುಡುಕಿಕೊಂಡದ್ದು ಮನೆ ಬಿಟ್ಟ ಮೇಲೆ. ನೆವಾಡಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಅವರು ಕಪ್ಪಾ ಆಲ್ಫಾ ಸೈ ಎಂಬ, ಕಪ್ಪು ವಿದ್ಯಾರ್ಥಿಗಳು ಕಟ್ಟಿದ ಹಳೆಯ ಸಹೋದರ ಸಂಘವನ್ನು ಸೇರಿದರು. ಇಪ್ಪತ್ತರ ಆಸುಪಾಸಿನಲ್ಲಿ ಸಿಕ್ಕ ಆ ಬಳಗ ಹತ್ತರ ವಯಸ್ಸಿನಲ್ಲಿ ಸಿಕ್ಕಿದ್ದರೆ ಎಂದು ಕೇಳುವುದು ಈ ಪ್ರಕರಣವನ್ನು ಓದುವ ದತ್ತು ಸಲಹೆಗಾರರ ಕೆಲಸ. ಇಂದು ಈ ಕ್ಷೇತ್ರದಲ್ಲಿ ಅನುಭವವಿರುವವರು ಬಿಳಿಯ ದಂಪತಿಗೆ ಕೇಳುವ ಪ್ರಶ್ನೆಗಳೂ ಇದೇ ಜಾಡಿನವು. ನಿಮ್ಮ ವೈದ್ಯರು ಯಾರು, ಮಗುವಿನ ಮೇಷ್ಟ್ರು ಯಾರು, ಭಾನುವಾರ ನಿಮ್ಮ ಮನೆಗೆ ಊಟಕ್ಕೆ ಬರುವವರು ಯಾರು, ಅವರಲ್ಲಿ ಎಷ್ಟು ಜನ ಮಗುವಿನ ಬಣ್ಣದವರು? ಮಗುವೊಂದೇ ಮನೆಯ ಏಕೈಕ ಕಪ್ಪು ಮುಖವಾದರೆ ಅದರ ಭಾರವನ್ನು ಹೊರುವವರು ಯಾರು?

ಈ ಪ್ರಶ್ನೆಗಳು ಅಹಿತಕರ, ಏಕೆಂದರೆ ಉತ್ತರಕ್ಕೆ ಬೆಲೆಯಿದೆ. ಕೆಲಸಕ್ಕಾಗಿ ಟರ್ಲಾಕ್‌ಗೆ ಹೋದದ್ದು ತಪ್ಪಲ್ಲ. ಮೂರು ಮಕ್ಕಳ ಸಂಸಾರ ಚೀಸ್ ಕಂಪನಿ ಇರುವಲ್ಲೇ ಇರಬೇಕು. ಆದರೆ ಕಪ್ಪು ಕುಟುಂಬಗಳು ಸಾಕಷ್ಟಿರುವ, ಕೂದಲು ಹೆಣೆಯುವ ಅಂಗಡಿಗಳೂ ಹಳೆಯ ಕಪ್ಪು ಚರ್ಚುಗಳೂ ಇರುವ ಸ್ಟಾಕ್‌ಟನ್ ಅಲ್ಲಿಂದ ಕಾರಿನಲ್ಲಿ ಒಂದು ಗಂಟೆಯೊಳಗಿನ ದಾರಿ. ಪಂದ್ಯಗಳಿಗಾಗಿ ಆ ಕುಟುಂಬ ಅದಕ್ಕಿಂತ ಎಷ್ಟೋ ಹೆಚ್ಚು ದೂರ ಓಡಾಡಿದೆ.